ಪಿಟಿಎಸ್‌ಡಿಗೆ ನ್ಯೂರೋಫೀಡ್‌ಬ್ಯಾಕ್: ಆಸೆಗೆ ಆಧಾರವಿದೆ, ಅವಸರಕ್ಕಿಲ್ಲ

ಮಿದುಳಿನ ಚಟುವಟಿಕೆಯನ್ನು ಅಳೆದು ಆಗಿಂದಾಗಲೇ ರೋಗಿಗೆ ತೋರಿಸಿ, ಅದನ್ನು ತಾನೇ ಹತೋಟಿಗೆ ತಂದುಕೊಳ್ಳಲು ಕಲಿಸುವ ತರಬೇತಿಯೇ ನ್ಯೂರೋಫೀಡ್‌ಬ್ಯಾಕ್. ಇಸ್ರೇಲಿನ ನರವಿಜ್ಞಾನಿ ತಲ್ಮಾ ಹೆಂಡ್ಲರ್ ಅವರ ಸಂಶೋಧನೆಯಿಂದ ರೂಪುಗೊಂಡ 'ಪ್ರಿಸಂ' ಎಂಬ ಇಂಥ ಸಾಧನಕ್ಕೆ 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮಾರಾಟದ ಅನುಮತಿ ನೀಡಿತು. ಇದು ಪಿಟಿಎಸ್‌ಡಿ, ಅಂದರೆ ಯುದ್ಧ, ಅಪಘಾತ, ಅತ್ಯಾಚಾರದಂಥ ಆಘಾತದ ನಂತರ ಉಳಿದುಬಿಡುವ ಮನೋವ್ಯಾಧಿಗೆ, ಇತರ ಚಿಕಿತ್ಸೆಯ ಜೊತೆಜೊತೆಗೆ ಬಳಸುವ ಸಾಧನ. ರೋಗಿಯ ತಲೆಗೆ ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆಯುವ ಇಇಜಿ ಟೋಪಿ ತೊಡಿಸಿ ಪರದೆಯ ಮುಂದೆ ಕೂರಿಸುತ್ತಾರೆ. ಅಲ್ಲಿ ಕಾಣುವುದು ಜನ ಎದ್ದುನಿಂತು ಗಲಾಟೆ ಮಾಡುತ್ತಿರುವ ಒಂದು ನಿರೀಕ್ಷಣಾ ಕೊಠಡಿಯ ಅನಿಮೇಷನ್ ದೃಶ್ಯ. ಭಯದೊಂದಿಗೆ ನಂಟಿರುವ ಮಿದುಳಿನ ಭಾಗವಾದ ಅಮಿಗ್ಡಲದ ಚಟುವಟಿಕೆಯನ್ನು ಅಂದಾಜು ಮಾಡುವ ಸಂಕೇತವನ್ನು ರೋಗಿ ತನಗೆ ತೋಚಿದ ಯಾವುದೋ ಉಪಾಯದಿಂದ ಇಳಿಸಿದರೆ ಆ ಜನ ಕುರ್ಚಿಗಳಲ್ಲಿ ಕೂರುತ್ತಾರೆ, ಗದ್ದಲವೂ ತಗ್ಗುತ್ತದೆ. ನಡೆದದ್ದನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ ಎಂಬುದೇ ಈ ವಿಧಾನದ ದೊಡ್ಡ ಆಕರ್ಷಣೆ, ಮತ್ತು ಅದನ್ನು ನಾನು ಹಗುರವಾಗಿ ಕಾಣಲಾರೆ.

ಆದರೆ ಪುರಾವೆಯ ವಿಷಯ ಬೇರೆ. ಪಿಟಿಎಸ್‌ಡಿಗೆ ನ್ಯೂರೋಫೀಡ್‌ಬ್ಯಾಕ್ ಕುರಿತು ಹೆಚ್ಚಾಗಿ ಉಲ್ಲೇಖಗೊಳ್ಳುವುದು ಮನೋವೈದ್ಯ ಬೆಸೆಲ್ ವಾನ್ ಡರ್ ಕೋಕ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನ. ಬೇರೆ ಚಿಕಿತ್ಸೆಗಳಿಂದ ಗುಣ ಕಾಣದ 52 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ 12 ವಾರಗಳಲ್ಲಿ 24 ಬಾರಿ ತರಬೇತಿ ಕೊಟ್ಟರು. ಕೊನೆಗೆ ಆ ಗುಂಪಿನ ಶೇ 73ರಷ್ಟು ಮಂದಿಯಲ್ಲಿ ರೋಗನಿರ್ಣಯಕ್ಕೆ ಬೇಕಾದ ಲಕ್ಷಣಗಳು ಉಳಿದಿರಲಿಲ್ಲ. ಇನ್ನೊಂದು ಗುಂಪಿನಲ್ಲಿ ಈ ಪ್ರಮಾಣ ಶೇ 32. ಅಂತರವೇನೋ ದೊಡ್ಡದೇ, ಆದರೆ ಆ ಇನ್ನೊಂದು ಗುಂಪಿನವರು ತಮ್ಮ ಸರದಿಗಾಗಿ ಸುಮ್ಮನೆ ಕಾಯುತ್ತಿದ್ದವರು. ವಾರಕ್ಕೆರಡು ಸಲ ಒಬ್ಬ ತಜ್ಞ ಪಕ್ಕದಲ್ಲಿ ಕುಳಿತು, ಗಮನಕೊಟ್ಟು, ಹುರಿದುಂಬಿಸಿದ್ದರಿಂದ ಆದ ಲಾಭವೆಷ್ಟು, ಮಿದುಳಿನ ಅಲೆಗಳ ಪಳಗಿಸುವಿಕೆಯಿಂದ ಆದದ್ದೆಷ್ಟು ಎಂಬುದು ಇಂಥ ಹೋಲಿಕೆಯಿಂದ ಗೊತ್ತಾಗುವುದಿಲ್ಲ.

ಇದು ಕೊಂಕು ತೆಗೆಯುವ ಮಾತಲ್ಲ. ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಅತಿಚಟುವಟಿಕೆಯ ತೊಂದರೆ ಇರುವ ಮಕ್ಕಳ ಮೇಲೆ ನಡೆದು 2021ರಲ್ಲಿ ಅಚ್ಚಾದ ಪ್ರಯೋಗವೊಂದರಲ್ಲಿ ಕೆಲವರಿಗೆ ನಿಜವಾದ ತರಬೇತಿಯನ್ನೂ, ಉಳಿದವರಿಗೆ ಅವರ ಸ್ವಂತ ಮಿದುಳಿಗೆ ಸಂಬಂಧವೇ ಇಲ್ಲದ ಸಂಕೇತಗಳಿಂದ ನಡೆಯುವ ಹುಸಿ ತರಬೇತಿಯನ್ನೂ ಕೊಟ್ಟಾಗ ಎರಡೂ ಗುಂಪುಗಳು ಹೆಚ್ಚುಕಡಿಮೆ ಸಮನಾಗಿಯೇ ಸುಧಾರಿಸಿದವು. ಕಾಯಿಲೆ ಬೇರೆಯಾದರೂ ಎಚ್ಚರಿಕೆ ಇಲ್ಲಿಗೂ ಸಲ್ಲುತ್ತದೆ. ಅಮೆರಿಕದ ಮಾಜಿ ಸೈನಿಕರ ಇಲಾಖೆಯೂ ರಕ್ಷಣಾ ಇಲಾಖೆಯೂ ಸೇರಿ 2023ರಲ್ಲಿ ಹೊರತಂದ ಮಾರ್ಗಸೂಚಿ, ನ್ಯೂರೋಫೀಡ್‌ಬ್ಯಾಕಿನ ಪರವಾಗಿಯಾಗಲಿ ವಿರುದ್ಧವಾಗಿಯಾಗಲಿ ಹೇಳಲು ಆಧಾರ ಸಾಲದೆಂದು ಬರೆದಿರುವುದು ಸರಿಯಾಗಿಯೇ ಇದೆ. ಆಘಾತವನ್ನು ನೇರವಾಗಿ ಎದುರಿಸುವ ಮಾತಿನ ಚಿಕಿತ್ಸೆಗಳಿಗೇ ಅದು ಮೊದಲ ಸ್ಥಾನ ಕೊಡುತ್ತದೆ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ತಲೆಗೆ ಪೆಟ್ಟಾದವರ ಪುನಶ್ಚೇತನಕ್ಕಾಗಿ ಈ ವಿಧಾನದ ಮೇಲೆ ಸಂಶೋಧನೆ ನಡೆದಿದೆ. ಅಧ್ಯಯನ ಬೇರೆ, ಅಂಗಡಿ ಬೇರೆ. ಬಣ್ಣಬಣ್ಣದ ಮಿದುಳಿನ ನಕ್ಷೆ ತೋರಿಸಿ, ಇಷ್ಟು ಸೆಷನ್ನುಗಳ ಪ್ಯಾಕೇಜೆಂದು ಮುಂಗಡ ಹಣ ಕೇಳುವವರ ಮೇಲೆ ನನಗೆ ವಿಶ್ವಾಸವಿಲ್ಲ. ಮಾತಿನ ಚಿಕಿತ್ಸೆಯನ್ನು ಪ್ರಯತ್ನಿಸಿ ತಾಳಲಾರದೆ ಅರ್ಧಕ್ಕೆ ಬಿಟ್ಟವರು, ತಮ್ಮ ಮನೋವೈದ್ಯರಿಗೆ ತಿಳಿಸಿ, ನಡೆಯುತ್ತಿರುವ ಔಷಧವನ್ನು ನಿಲ್ಲಿಸದೆ ಇದನ್ನು ಪ್ರಯತ್ನಿಸುವುದಾದರೆ ನನ್ನ ಆಕ್ಷೇಪವಿಲ್ಲ. ಮೊದಲ ಚಿಕಿತ್ಸೆಯಾಗಿ ಇದನ್ನೇ ಕೊಳ್ಳಿರೆಂದು ಯಾರಿಗೂ ಹೇಳಲು ಮಾತ್ರ ಈಗಿರುವ ಪುರಾವೆಯ ಬಲದ ಮೇಲೆ ನಾನು ಸಿದ್ಧನಿಲ್ಲ.