ಪ್ರಬಂಧ ಮುಗಿಯಲಿ

ಧಾರವಾಡದಲ್ಲಿ ಪಿಎಚ್‌ಡಿ ಮಾಡುತ್ತಿರುವವರನ್ನು ಯಾರೂ ಖಾಲಿ ಕುಳಿತವರೆಂದು ಅನ್ನುವುದಿಲ್ಲ. ಸಪ್ತಾಪುರದಲ್ಲಿ ಬಾಡಿಗೆಗೆ ಕೋಣೆ ಕೇಳಲು ಹೋದರೆ ಮನೆಯ ಮಾಲಕರು ಮೊದಲು ಊರು, ಆಮೇಲೆ ಮಂದಿ, ಆಮೇಲೆ ಉದ್ಯೋಗ ವಿಚಾರಿಸುತ್ತಾರೆ. ‘ಸಂಶೋಧನೆ ಮಾಡಾಕತ್ತೀನ್ರೀ’ ಎಂದ ಕೂಡಲೇ ಅವರ ಮುಖದಲ್ಲಿ ಗೌರವವೂ, ಬಾಡಿಗೆ ತಿಂಗಳಿಗೆ ಸರಿಯಾಗಿ ಬಂದೀತೇ ಎಂಬ ಅನುಮಾನವೂ ಒಟ್ಟಿಗೇ ಮೂಡುತ್ತವೆ. 1890ರಲ್ಲಿ ಹುಟ್ಟಿದ ವಿದ್ಯಾವರ್ಧಕ ಸಂಘ, 1939ರ ಕನ್ನಡ ಸಂಶೋಧನಾ ಸಂಸ್ಥೆ, 1949ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ ಮರುವರ್ಷ ಇಲ್ಲಿಗೆ ಬಂದ ಕರ್ನಾಟಕ ವಿಶ್ವವಿದ್ಯಾಲಯ ಇವೆಲ್ಲ ಸೇರಿ, ಬರೆಯುತ್ತೇನೆಂದು ಕುಳಿತವರಿಗಾಗಿ ಕಾಯುವುದನ್ನು ಈ ಊರಿಗೆ ರೂಢಿ ಮಾಡಿಸಿವೆ. ಆ ತಾಳ್ಮೆಯ ಋಣದಲ್ಲಿ ಬದುಕುತ್ತಿರುವವರಲ್ಲಿ ನಾನೂ ಒಬ್ಬಳು.

ನಾನು ಬರೆಯಬೇಕಾಗಿರುವುದು ಜೋಗಪ್ಪಗಳ ಇತಿಹಾಸವನ್ನು. ಗಂಡಾಗಿ ಹುಟ್ಟಿ, ಸವದತ್ತಿಯ ಯಲ್ಲಮ್ಮನಿಗೆ ಮುತ್ತು ಕಟ್ಟಿಸಿಕೊಂಡು, ಸೀರೆ ಉಟ್ಟು, ತಲೆಯ ಮೇಲೆ ದೇವಿಯ ಕೊಡ ಹೊತ್ತು ಊರೂರು ತಿರುಗುವ ಇವರು ನಮ್ಮ ಕಡೆಯವರಿಗೆ ಹೊಸಬರೇನಲ್ಲ. ಮಂಜಮ್ಮ ಜೋಗತಿಯವರು 2019ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ, 2021ರಲ್ಲಿ ಪದ್ಮಶ್ರೀ ಪಡೆದ ಮೇಲೆ ಉಳಿದ ಕಡೆಯವರೂ ಇವರನ್ನು ಗುರುತಿಸುತ್ತಾರೆ. ಆದರೆ ಸರ್ಕಾರಿ ಕಾಗದದಲ್ಲಿ ಇವರನ್ನು ಹಿಡಿಯುವುದು ಕಷ್ಟ. ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿದ್ದಾಗ 1934ರಲ್ಲಿ ಬಂದ ದೇವದಾಸಿ ರಕ್ಷಣಾ ಕಾಯ್ದೆಯಾಗಲಿ, ಕರ್ನಾಟಕ ಸರ್ಕಾರ 1982ರಲ್ಲಿ ಮಾಡಿದ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆಯಾಗಲಿ, ದೇವದಾಸಿ ಎಂದರೆ ಹೆಂಗಸು ಎಂದು ಬರೆದು ಮುಂದೆ ಸಾಗಿದವು. ಕಾಯ್ದೆಯೊಳಗೆ ಬಾರದವರು ಕಡತದೊಳಗೂ ಬರಲಿಲ್ಲ. ನಾನೇನು ಜೋಗಪ್ಪನಲ್ಲ, ಹೆಣ್ಣನ್ನು ಪ್ರೀತಿಸುವ ಹೆಣ್ಣು. ನನ್ನಂಥವರ ಚರಿತ್ರೆ ಬರೆಯಹೊರಟರೆ ಪೊಲೀಸರ ಕಾಗದವೂ ಕೈಗೆ ಹತ್ತದು ಎಂದು, ಕೊನೆಯಪಕ್ಷ ಹಾಡು ಕತೆಗಳಾದರೂ ಉಳಿದಿರುವವರ ಕಡೆಗೆ ನಡೆದೆ. ಹೀಗೆ ಇಲ್ಲದ ಕಾಗದವನ್ನು ಹುಡುಕುವ ಕೆಲಸದಲ್ಲಿ ಒಂದು ದೊಡ್ಡ ಅನುಕೂಲವಿದೆ. ಇನ್ನು ಹುಡುಕಿದ್ದು ಸಾಕು ಎಂದು ಯಾರೂ ಹೇಳಲಾರರು.

ಬೇರೆ ಓದಿನವರಿಗೆ ಸೋಮಾರಿತನ ಮಾಡಬೇಕಾದರೆ ಓದನ್ನು ಬಿಟ್ಟು ಏಳಬೇಕಾಗುತ್ತದೆ. ಇತಿಹಾಸದವರಿಗೆ ಆ ಶ್ರಮವೂ ಇಲ್ಲ, ಕುಳಿತಲ್ಲಿಯೇ ಮುಂದೂಡಬಹುದು. ಕಳೆದ ಮಳೆಗಾಲದಲ್ಲಿ ನಾನು ಮೋಡಿ ಲಿಪಿ ಕಲಿಯಲು ಕುಳಿತೆ. ಪೇಶ್ವೆಯರ ಕಾಲದ ಮರಾಠಿ ದಫ್ತರವೆಲ್ಲ ಮೋಡಿಯಲ್ಲಿದೆ. ನನ್ನ ಪ್ರಬಂಧ ಮೊದಲಾಗುವುದೇ 1934ರಿಂದ. ಆದರೂ ಬೇರು ಹಿಡಿಯದೆ ಹಣ್ಣಿನ ಮಾತೇಕೆ ಎಂದುಕೊಂಡೆ. ಮೋಡಿ ಬರೆಯುವ ಕ್ರಮ ಬಹಳ ಚೆಂದ. ಮೊದಲು ಹಾಳೆಯ ಉದ್ದಕ್ಕೂ ತಲೆಗೆರೆಗಳನ್ನು ಎಳೆದುಕೊಂಡು, ಆಮೇಲೆ ಲೇಖನಿಯನ್ನು ಆದಷ್ಟು ಮೇಲೆತ್ತದೆ ಆ ಗೆರೆಗಳ ಕೆಳಗೆ ಅಕ್ಷರಗಳನ್ನು ಇಳಿಬಿಡುತ್ತ ಹೋಗಬೇಕು. ನಾನು ಒಂದು ದಪ್ಪ ವಹಿಯನ್ನು ತಂದು, ಅಂಚು ಬಿಟ್ಟು, ಅಳತೆ ಹಿಡಿದು, ಹಾಳೆಯ ಮೇಲೆ ಹಾಳೆ ತಲೆಗೆರೆಗಳನ್ನು ಎಳೆದಿಟ್ಟಿದ್ದೇನೆ. ಅಷ್ಟು ನೀಟಾದ ಗೆರೆಗಳನ್ನು ಪೇಶ್ವೆಯರ ಕಾರಕೂನರೂ ಎಳೆದಿರಲಾರರು. ಕೆಳಗೆ ಅಕ್ಷರ ಇನ್ನೂ ಇಳಿಯಬೇಕಾಗಿದೆ.

ಸಂಜೆಗಳ ಮಾತಂತೂ ಬೇಡ. ಈ ಊರಿನಲ್ಲಿ ಪುಸ್ತಕ ಬಿಡುಗಡೆ, ದತ್ತಿ ಉಪನ್ಯಾಸ, ಸ್ಮರಣೆ, ಸಂವಾದ ಏನೂ ಇಲ್ಲದ ಸಂಜೆಯನ್ನು ಹುಡುಕಬೇಕಾದರೆ ಪಂಚಾಂಗ ನೋಡಬೇಕು. ಸಂಘದ ಸಭಾಂಗಣದಲ್ಲಿ ಹಿಂದಿನ ಸಾಲಿನ ಕುರ್ಚಿಯೊಂದನ್ನು ಹಿಡಿದು ಕುಳಿತರೆ, ಇನ್ನೊಬ್ಬರು ಬರೆದು ಮುಗಿಸಿದ್ದನ್ನು ಕೇಳುತ್ತ, ನಡುನಡುವೆ ಟಿಪ್ಪಣಿ ಮಾಡಿಕೊಳ್ಳುತ್ತ, ನಾನೂ ಬರೆದ ಸಮಾಧಾನದಿಂದ ಕೋಣೆಗೆ ಮರಳಬಹುದು. ಹೊರಗೆ ಚಹಾದ ಹತ್ತಿರ ಹಿರಿಯರು ಯಾರಾದರೂ ಸಿಕ್ಕು ‘ಎಲ್ಲಿಗೆ ಬಂತವಾ ನಿಂದು?’ ಎನ್ನುತ್ತಾರೆ. ‘ಮೂರನೇ ಅಧ್ಯಾಯದಾಗ ಅದೇನ್ರೀ’ ಎನ್ನುತ್ತೇನೆ. ಅದು ಸುಳ್ಳೇನಲ್ಲ, ಆ ಅಧ್ಯಾಯದಲ್ಲಿ ನಾನು ಬಹಳ ಕಾಲದಿಂದ ವಾಸವಾಗಿದ್ದೇನೆ.

ಇಷ್ಟಾದರೂ ಆಲಸ್ಯವೊಂದನ್ನೇ ದೂರಿದರೆ ನನಗೆ ನಾನೇ ಅನ್ಯಾಯ ಮಾಡಿಕೊಂಡಂತೆ. ಮುಗಿಯದ ಪ್ರಬಂಧದಿಂದ ನನಗಿರುವ ಲಾಭ ಮುಗಿದ ಪ್ರಬಂಧದಿಂದ ಇರುವುದಿಲ್ಲ. ನಮ್ಮ ಮನೆ ಬ್ಯಾಡಗಿಯಲ್ಲಿ. ಮಾವ, ಅಂದರೆ ಅವ್ವನ ತಮ್ಮ, ಸುಗ್ಗಿಗೊಮ್ಮೆ ಒಂದು ವರ ಹಿಡಿದು ತರುತ್ತಾನೆ. ಒಬ್ಬ ಬೆಂಗಳೂರಿನಲ್ಲಿ ಸಾಫ್ಟ್‌ವೇರ್, ಒಬ್ಬ ರಾಣೆಬೆನ್ನೂರಿನಲ್ಲಿ ಬೀಜದ ವ್ಯಾಪಾರ, ಇನ್ನೊಬ್ಬನಿಗೆ ಎರಡೂ ಇಲ್ಲ, ಆದರೆ ನೀರಾವರಿ ಹೊಲವಿದೆ. ಎಲ್ಲರಿಗೂ ಅವ್ವನ ಉತ್ತರ ಒಂದೇ: ‘ಆಕಿ ಪ್ರಬಂಧ ಮುಗೀಲಿ ತಡಿ.’ ಮಾವ ಸಿಟ್ಟಿಗೇಳುತ್ತಾನೆ, ಆದರೆ ಅವನ ಸಿಟ್ಟು ಊರಿನ ಮೆಣಸಿನಕಾಯಿಯಂಥದ್ದು, ಬಣ್ಣವೇ ಹೆಚ್ಚು, ಖಾರ ಕಡಿಮೆ. ‘ಏನ್ ಬರೀತಾಳಪಾ ಇಷ್ಟ ವರ್ಷ’ ಎಂದು ಗೊಣಗಿ, ಚಹಾ ಕುಡಿದು ಹೋಗುತ್ತಾನೆ. ಅವ್ವ ಈ ಮಾತನ್ನು ನನ್ನ ಓದಿನ ಮೇಲಿನ ಅಭಿಮಾನದಿಂದ ಹೇಳುತ್ತಾಳೋ, ಬೇರೇನನ್ನೋ ಬಲ್ಲವಳಾಗಿ ಹೇಳುತ್ತಾಳೋ ನಾನು ಕೇಳಿಲ್ಲ. ಫೋನಿನ ಕೊನೆಗೆ ‘ನಿನ್ನ ಗೆಳತಿ ಆರಾಮ ಅದಾಳೇನ?’ ಎಂದು ವಿಚಾರಿಸುವುದನ್ನು ಮಾತ್ರ ಆಕೆ ತಪ್ಪಿಸುವುದಿಲ್ಲ. ಖಾರಪುಡಿ ಕಳಿಸುವಾಗ ಡಬ್ಬಿ ಎರಡಿರುತ್ತವೆ.

ವಿಶ್ವವಿದ್ಯಾಲಯಗಳಿಗೆ ನಿಯಮ ಹಾಕಿಕೊಡುವ ಯುಜಿಸಿಯೂ ಅವ್ವನ ಪಕ್ಷವೇ. 2022ರ ನಿಯಮದಂತೆ ಪಿಎಚ್‌ಡಿಗೆ ಹೆಚ್ಚೆಂದರೆ 6 ವರ್ಷ. ಮರುನೋಂದಣಿ ಮಾಡಿಸಿದರೆ ಇನ್ನೆರಡು. ಹೆಣ್ಣುಮಕ್ಕಳಿಗೆ ಅದರ ಮೇಲೆ ಮತ್ತೆರಡು ವರ್ಷ ಸೇರಿ ಒಟ್ಟು 10. ಗಂಡ, ಮಕ್ಕಳು, ಬಾಣಂತನ ಎಂದು ಹೆಂಗಸರ ಓದು ಹಿಂದೆ ಬೀಳುತ್ತದೆಂಬ ಕಾಳಜಿ ಅದರಲ್ಲಿ ಇದ್ದೀತು. ಮದುವೆಯಾದವರ ಅನುಕೂಲಕ್ಕೆಂದು ಸಿಕ್ಕಿರಬಹುದಾದ ಆ ಎರಡು ವರ್ಷಗಳನ್ನು ಮದುವೆ ತಪ್ಪಿಸಿಕೊಳ್ಳುವುದಕ್ಕೆ ಬಳಸುವುದು ನ್ಯಾಯವೋ ಅಲ್ಲವೋ ನಾನು ಆಗಾಗ ಯೋಚಿಸುತ್ತೇನೆ. ಯೋಚಿಸುವುದಕ್ಕೂ ಸಮಯ ಹೋಗುತ್ತದೆ, ಅದೂ ಲೆಕ್ಕಕ್ಕೆ ಸೇರುತ್ತದೆ.

ಇನ್ನು ಉಪಸಂಹಾರದ ಕತೆ. ಜೋಗಪ್ಪಗಳಿಂದ ಆರಂಭಿಸಿ ಲೈಂಗಿಕ ಅಲ್ಪಸಂಖ್ಯಾತರ ಇಂದಿನ ಸ್ಥಿತಿಯವರೆಗೆ ಬರಬೇಕೆಂದು ನಮ್ಮ ಗೈಡ್ ಮೇಡಂ ಅಪ್ಪಣೆ ಕೊಡಿಸಿದ್ದಾರೆ. ಇಂದಿನ ಸ್ಥಿತಿ ಒಂದು ಕಡೆ ನಿಂತರೆ ತಾನೆ ಬರೆಯುವುದು? ಸಲಿಂಗ ಸಂಬಂಧವನ್ನು ಅಪರಾಧವೆಂದು ಹಿಡಿದಿದ್ದ 1860ರ ದಂಡಸಂಹಿತೆಯ 377ನೇ ಕಲಮನ್ನು ದೆಹಲಿ ಹೈಕೋರ್ಟು 2009ರಲ್ಲಿ ಮೊಟಕುಗೊಳಿಸಿತು, ಸುಪ್ರೀಂ ಕೋರ್ಟು 2013ರಲ್ಲಿ ಮೊದಲಿನಂತೆ ಮಾಡಿತು, ಅದೇ ಕೋರ್ಟು 2018ರ ಸೆಪ್ಟೆಂಬರ್ 6ರಂದು ಒಪ್ಪಿಗೆಯ ವಯಸ್ಕರನ್ನು ಅದರಿಂದ ಬಿಡಿಸಿತು. ಇಷ್ಟು ಬರೆದು ಉಸಿರು ಬಿಡುವಷ್ಟರಲ್ಲಿ 2023ರ ಅಕ್ಟೋಬರ್ 17ರ ತೀರ್ಪು ಬಂದು, ಸಲಿಂಗ ವಿವಾಹದ ಪ್ರಶ್ನೆಯನ್ನು ಶಾಸನ ಮಾಡುವವರಿಗೆ ಬಿಟ್ಟಿತು. ಮರುವರ್ಷ ಸರ್ಕಾರ ಸಂಪುಟ ಕಾರ್ಯದರ್ಶಿಯ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಮಾಡಿತು. ಆ ವರ್ಷದ ಜುಲೈ 1ಕ್ಕೆ ಹಳೆಯ ದಂಡಸಂಹಿತೆಯೇ ಹೋಗಿ, 377ರ ಜಾಗದಲ್ಲಿ ಏನೂ ಇಲ್ಲದ ಹೊಸದು ಬಂತು. ಕೋರ್ಟು ಸಂಸತ್ತಿಗೆ, ಸರ್ಕಾರ ಸಮಿತಿಗೆ ಎಂದು ಇಷ್ಟು ದೊಡ್ಡವರೇ ಮುಂದಕ್ಕೆ ಹಾಕುತ್ತಿರುವಾಗ, ಒಬ್ಬ ಸಂಶೋಧನಾ ವಿದ್ಯಾರ್ಥಿನಿಗೆ ಮಾತ್ರ ಆರು ತಿಂಗಳಿಗೊಮ್ಮೆ ಪ್ರಗತಿ ವರದಿ ಕೇಳುತ್ತಾರೆ.

ಈ ವಿನೋದ ನಡೆಯದ ಜಾಗವೂ ಒಂದಿದೆ. ಮುತ್ತೈದೆ ಹುಣ್ಣಿಮೆ ಎಂದೂ ಕರೆಯುವ ಭಾರತ ಹುಣ್ಣಿಮೆಗೆ ಸವದತ್ತಿ ಗುಡ್ಡಕ್ಕೆ ಹೋದಾಗ, ನನಗೆ ಪ್ರಬಂಧದ ಅರ್ಧ ಮಾಹಿತಿ ಕೊಟ್ಟ ಹಿರಿಯ ಜೋಗಪ್ಪನೊಬ್ಬ ಬೇವಿನ ಗಿಡದ ಕೆಳಗೆ ಕುಳಿತಿದ್ದ. ನಾನು ‘ಅಮ್ಮಾ’ ಎಂದು ಕರೆಯುವುದರಿಂದ ಕುಳಿತಿದ್ದಳು ಎಂದೇ ಬರೆಯಬೇಕು. ಹಣೆಯ ತುಂಬ ಭಂಡಾರದ ಅರಿಶಿನ, ಕೈಯಲ್ಲಿ ಆಗಷ್ಟೇ ತೊಟ್ಟ ಹಸಿರು ಬಳೆ. ಚೌಡಿಕೆಯ ಒಂದೇ ತಂತಿಯನ್ನು ಬಿಗಿದು ನೋಡುತ್ತ, ಅದು ಸುಧಾರಿಸುತ್ತಿಲ್ಲವೆಂದು ಅದಕ್ಕೇ ಬೈಯುತ್ತ, ನನ್ನನ್ನು ಕಂಡವಳೇ ‘ಯವ್ವಾ, ಪುಸ್ತಕ ತಂದೀಯೇನ?’ ಎಂದಳು. ಇನ್ನೂ ಸ್ವಲ್ಪ ಕೆಲಸ ಬಾಕಿ ಇದೆ, ಆಧಾರಗಳು ಗಟ್ಟಿಯಾಗಬೇಕು ಎಂದು ಏನೇನೋ ಹೇಳಿದೆ. ‘ಆಧಾರ ನಾ ಕುಂತೀನಲ್ಲ ಇಲ್ಲೆ’ ಎಂದಳು. ಪಕ್ಕದಲ್ಲಿದ್ದ ಶಿಷ್ಯೆ ಕಿಸಕ್ಕನೆ ನಕ್ಕಳು. ‘ನಾ ಇರೂತನಾ ಮುಗಸು. ನನ್ನ ಹೆಸರ ಎಲ್ಲಿ ಹಾಕೀ ಅಂತ ನೋಡಬೇಕು, ಓದಾಕ ಬರದಿದ್ರೂ ಬೆರಳಿಟ್ಟು ತೋರಸು’ ಎಂದು, ತಂತಿ ಬಿಗಿಯಾದದ್ದೇ ಹಾಡಿಗೆ ತೊಡಗಿದಳು. ಯುಜಿಸಿಯ 10 ವರ್ಷ ಆಕೆಗೆ ಅನ್ವಯಿಸುವುದಿಲ್ಲ. ಗುಡ್ಡದಿಂದ ಇಳಿದ ಆ ವಾರ ನಾನು ಮೋಡಿ ವಹಿಯನ್ನು ಮುಟ್ಟದೆ ಮೊದಲ ಅಧ್ಯಾಯವನ್ನು ತಿದ್ದಿದೆ.

ಗೆಳತಿ ಹುಬ್ಬಳ್ಳಿಯ ಬ್ಯಾಂಕೊಂದರಲ್ಲಿ ಸಾಲದ ವಿಭಾಗದಲ್ಲಿದ್ದಾಳೆ. ಶನಿವಾರ ಚಿಗರಿ ಬಸ್ಸಿನಲ್ಲಿ ಬಂದು, ಗಿರಮಿಟ್ಟಿನ ಪೊಟ್ಟಣ ಬಿಚ್ಚಿ, ನನ್ನ ಮೇಜಿನ ಮೇಲಿನ ಜೆರಾಕ್ಸ್ ಕಟ್ಟುಗಳನ್ನು ವಸೂಲಾಗದ ಸಾಲವನ್ನು ನೋಡುವ ಕಣ್ಣಿನಿಂದಲೇ ನೋಡುತ್ತಾಳೆ. ಮನೆಯವರಿಗೆ ನಮ್ಮಿಬ್ಬರ ವಿಷಯವನ್ನು ಪ್ರಬಂಧ ಮುಗಿದ ಮೇಲೆ ಹೇಳೋಣವೆಂದು ಆಕೆಗೂ ನಾನು ಮಾತು ಕೊಟ್ಟಿದ್ದೇನೆ. ಹೀಗಾಗಿ ಮಾವನಿಗೆ ತೋರಿಸಿದ ತಡೆಯನ್ನೇ ಈಕೆಗೂ ತೋರಿಸಿದಂತಾಗಿದೆ. ಸವದತ್ತಿಯ ಮಾತನ್ನೆಲ್ಲ ಕೇಳಿ, ಚುರಮರಿಯಿಂದ ಹಸಿಮೆಣಸಿನಕಾಯಿ ಆರಿಸಿ ಬದಿಗಿಡುತ್ತ, ‘ಒಮ್ಮೆಲೇ ಕಟ್ಟಾಕ ಆಗದಿದ್ರ ಕಂತಿನ ಮ್ಯಾಲೆ ಕಟ್ಟು’ ಎಂದಳು. ಒಂದು ಅಧ್ಯಾಯಕ್ಕೆ ಒಬ್ಬರು. ಮೊದಲ ಅಧ್ಯಾಯ ಮೇಡಂ ಕೈಗೆ ಹೋದ ದಿನ ಅಕ್ಕನಿಗೆ ಹೇಳುವುದು, ಎರಡನೆಯದಕ್ಕೆ ಅವ್ವನಿಗೆ, ಮೂರನೆಯದಕ್ಕೆ ಅಪ್ಪನಿಗೆ. ನಾಲ್ಕನೆಯದು ಆಕೆಯ ಮನೆಯವರ ಪಾಲು, ಅದಕ್ಕೆ ಆಕೆಯೇ ಜಾಮೀನು. ಒಂದು ಹಾಳೆಯ ಮೇಲೆ ಹೆಸರು, ದಿನಾಂಕಗಳ ಖಾನೆ ಹಾಕಿ, ಇಬ್ಬರೂ ಸಹಿ ಮಾಡಿ ಕಪಾಟಿನ ಬಾಗಿಲಿಗೆ ಅಂಟಿಸಿದ್ದೇವೆ. ಮಾವನನ್ನು ಉಪಸಂಹಾರಕ್ಕೆ ಇಟ್ಟುಕೊಂಡಿದ್ದೇವೆ. ಮೊದಲ ಕಂತಿನಲ್ಲಿ ಅಡಿಟಿಪ್ಪಣಿಗಳಷ್ಟೇ ಬಾಕಿ.