ಅನುಭವ ಕಡ್ಡಾಯ, ಸಂಬಳ ಐಚ್ಛಿಕ

ಲಾ ಕ್ಲರ್ಕ್, ಅಂದರೆ ನ್ಯಾಯಮೂರ್ತಿಗಳಿಗೆ ಫೈಲು ಓದಿ ಟಿಪ್ಪಣಿ ಮಾಡಿಕೊಡುವ ಸಹಾಯಕರಾಗಿ ದುಡಿದದ್ದೂ ಅನುಭವವೇ ಎಂದು ಸುಪ್ರೀಂ ಕೋರ್ಟ್ ಹೇಳಿ ಆಯಿತು. 2025ರ ಮೇ 20ರ ತೀರ್ಪು, ಎಲ್ಲರಿಗೂ ಗೊತ್ತಿರುವುದೇ. ಸಿವಿಲ್ ಜಡ್ಜ್ ಪರೀಕ್ಷೆಗೆ ಕೂರಬೇಕಾದರೆ ಮೂರು ವರ್ಷದ ವಕೀಲಿಕೆ ಬೇಕೇ ಬೇಕು. ಜಡ್ಜ್ ಸಾಹೇಬರ ಹತ್ತಿರ ಲಾ ಕ್ಲರ್ಕ್ ಆಗಿ ಕಳೆದ ದಿನಗಳನ್ನೂ ಆ ಲೆಕ್ಕಕ್ಕೆ ಸೇರಿಸಬೇಕು. ಬಹಳ ಸಂತೋಷ. ಈ ಸುದ್ದಿಯನ್ನು ಯಾರಾದರೂ ಪುಣ್ಯಾತ್ಮರು ಲಾ ಫರ್ಮ್‌ಗಳ, ಅಂದರೆ ಕಂಪನಿಗಳ ಕಾನೂನು ಕೆಲಸ ನೋಡುವ ವಕೀಲರ ಸಂಸ್ಥೆಗಳ, ಎಚ್‌ಆರ್ ವಿಭಾಗಕ್ಕೂ ಮುಟ್ಟಿಸಿದರೆ ಚೆನ್ನಾಗಿತ್ತು.

ಯಾಕೆಂದರೆ ಅಲ್ಲಿ ಇನ್ನೂ ಹಳೆಯ ಲೆಕ್ಕವೇ ನಡೆಯುತ್ತಿದೆ ಎಂದು ಹುಡುಗರು ಹೇಳುತ್ತಾರೆ. ಒಂದು ವರ್ಷ ನ್ಯಾಯಮೂರ್ತಿಗಳ ಕೊಠಡಿಯಲ್ಲಿ ಕೂತು ಸಾವಿರ ಪುಟದ ಫೈಲುಗಳನ್ನು ಓದಿ ಮೂರು ಪುಟದ ಟಿಪ್ಪಣಿ ಮಾಡಿದವರು, ದೇಶದ ದೊಡ್ಡ ದೊಡ್ಡ ವಕೀಲರ ವಾದದಲ್ಲಿ ತೂತು ಹುಡುಕಿ ತೋರಿಸಿದವರು ಫರ್ಮ್‌ಗೆ ಹೋಗಿ ಕೂತರೆ ಕೇಳುವ ಪ್ರಶ್ನೆ ಒಂದೇ: ‘ಡೀಲ್ ಏನಾದ್ರೂ ಮಾಡಿದ್ದೀರಾ?’ ಇಲ್ಲ ಸಾರ್, ಸಂವಿಧಾನ ಪೀಠದ ಕೇಸೊಂದಕ್ಕೆ ರಿಸರ್ಚ್ ಮಾಡಿದ್ದೆ. ‘ಓ, ನೈಸ್. ಹಾಗಾದ್ರೆ ಫ್ರೆಶರ್.’

ಸುಪ್ರೀಂ ಕೋರ್ಟಿನ 2024ರ ಪ್ರಕಟಣೆಯಲ್ಲಿ ಲಾ ಕ್ಲರ್ಕ್‌ಗೆ ತಿಂಗಳಿಗೆ 80,000 ರೂಪಾಯಿ ಇತ್ತು. ಕಡಿಮೆ ಅಲ್ಲ. ಆದರೆ ಅದು ಗುತ್ತಿಗೆ ಕೆಲಸ, ವರ್ಷದ ಲೆಕ್ಕದ್ದು. ಆ ಅವಧಿಯಲ್ಲಿ ವಕೀಲಿಕೆಯನ್ನೂ ಮಾಡುವಂತಿಲ್ಲ. ಫರ್ಮ್‌ನವರು ಕ್ಯಾಂಪಸ್‌ಗೆ ಬಂದು ಹುಡುಗರನ್ನು ಎತ್ತಿಕೊಂಡು ಹೋಗುವುದು ಕಾಲೇಜು ಮುಗಿಯುವ ಮೊದಲೇ. ಆ ಬಸ್ಸನ್ನು ಬಿಟ್ಟು ‘ಮೊದಲು ಕಾನೂನು ಕಲಿಯೋಣ’ ಎಂದು ಹೊರಟವರಿಗೆ, ಕಲಿತು ಮುಗಿಸುವ ಹೊತ್ತಿಗೆ ‘ಮಾರ್ಕೆಟ್ ಸ್ವಲ್ಪ ಡಲ್ ಇದೆ’ ಎಂಬ ಉತ್ತರ ಕಾದಿರುತ್ತದೆ. ಮಾರ್ಕೆಟ್ ಡಲ್ ಆದಾಗ ಫರ್ಮ್ ಮಾಲೀಕರಾದ ಪಾರ್ಟ್‌ನರ್‌ಗಳ ಕಾರು ಸಣ್ಣದಾದದ್ದನ್ನು ನಾನಂತೂ ನೋಡಿಲ್ಲ. ಇದರ ಜೊತೆಗೆ ಈಗ ಎಐ ಬೇರೆ. ಫ್ರೆಶರ್‌ಗಳು ರಾತ್ರಿಯಿಡೀ ಕೂತು ಓದುತ್ತಿದ್ದ ಒಪ್ಪಂದ ಪತ್ರಗಳನ್ನು ಅದು ಕಾಫಿ ಕುಡಿಯುವಷ್ಟರಲ್ಲಿ ಓದಿ ಮುಗಿಸುತ್ತದೆ. ಅದಕ್ಕೆ ಪಿಜಿ ಬಾಡಿಗೆ ಇಲ್ಲ, ಊರಿಗೆ ಹೋಗಲು ರಜೆಯೂ ಬೇಡ.

ಅಮೆರಿಕದಲ್ಲಿ ಈ ಕಥೆಯೇ ಬೇರೆ. ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ಒಂದು ವರ್ಷ ಕ್ಲರ್ಕ್ ಆಗಿದ್ದು ಹೊರಬಂದವರಿಗೆ ದೊಡ್ಡ ಫರ್ಮ್‌ಗಳು ಸೇರುವುದಕ್ಕೇ ಐದು ಲಕ್ಷ ಡಾಲರ್‌ವರೆಗೆ ಬೋನಸ್ ಕೊಟ್ಟಿವೆ. ಸಂಬಳ ಬೇರೆ! ಅವರಿಗೂ ಕೆಟ್ಟ ಕಾಲ ಬಂದಿತ್ತು ಅನ್ನಿ. 2009ರಲ್ಲಿ, ಲೀಮನ್ ಬ್ರದರ್ಸ್ ಬ್ಯಾಂಕ್ ಮುಳುಗಿದ ಮರುವರ್ಷ, ಫರ್ಮ್‌ಗಳಲ್ಲಿ ಕೆಲಸವೇ ಇರಲಿಲ್ಲ. ಆಗ ನ್ಯೂಯಾರ್ಕಿನ ಸ್ಕ್ಯಾಡನ್ ಎಂಬ ಫರ್ಮ್ ತನ್ನ ಕಿರಿಯ ವಕೀಲರಿಗೆ ಹೇಳಿತು: ಬೇಕಿದ್ದರೆ ಒಂದು ವರ್ಷ ಆಫೀಸಿಗೆ ಬರಬೇಡಿ, ಸಂಬಳದ ಮೂರನೇ ಒಂದು ಭಾಗ ಕೊಡುತ್ತೇವೆ. ಕೆಲವರಿಗೆ ಹತ್ತಿರ ಹತ್ತಿರ 80,000 ಡಾಲರ್, ಮನೆಯಲ್ಲಿ ಕೂತಿದ್ದಕ್ಕೆ! ನಮ್ಮಲ್ಲಿ ಸೀನಿಯರ್ ವಕೀಲರ ಕೈಕೆಳಗೆ ಜೂನಿಯರ್ ಆಗಿ ಕೆಲಸ ಕಲಿಯಲು ಸೇರಿದವರಿಗೆ ಹೇಳುವುದೇ ಬೇರೆ: ದಿನಾ ಬೆಳಿಗ್ಗೆ ಒಂಬತ್ತಕ್ಕೆ ಬಾ, ಭಾನುವಾರವೂ ಬಾ, ಸೀನಿಯರ್ ಮಗಳ ಮದುವೆಯಲ್ಲಿ ಊಟದ ಹಾಲ್ ನೋಡಿಕೋ, ದುಡ್ಡಿನ ಮಾತು ಮಾತ್ರ ಎತ್ತಬೇಡ. ಅವರು ಕೆಲಸ ಇಲ್ಲದಾಗ ಸಂಬಳ ಕೊಟ್ಟರು. ನಾವು ಸಂಬಳ ಇಲ್ಲದ ಕೆಲಸ ಕೊಟ್ಟೆವು.

ಹಾಗೆಂದು ಯಾರೂ ಸುಮ್ಮನೆ ಕೂತಿಲ್ಲ. 2024ರ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟ್ ಜೂನಿಯರ್‌ಗಳಿಗೆ ತಿಂಗಳಿಗೆ ಇಷ್ಟು ಕೊಡಲೇಬೇಕು ಎಂದಿತು. ಚೆನ್ನೈ, ಮಧುರೈ, ಕೊಯಮತ್ತೂರಿನಲ್ಲಿ 20,000, ಉಳಿದ ಕಡೆ 15,000. ಅದೇ ವರ್ಷದ ಅಕ್ಟೋಬರ್‌ನಲ್ಲಿ ಭಾರತೀಯ ವಕೀಲರ ಪರಿಷತ್ತಿಗೂ (ಬಾರ್ ಕೌನ್ಸಿಲ್) ಕರುಣೆ ಉಕ್ಕಿ ದೇಶಕ್ಕೆಲ್ಲ ಸುತ್ತೋಲೆ ಹೋಯಿತು: ನಗರದಲ್ಲಿ 20,000, ಹಳ್ಳಿ ಕಡೆ 15,000, ಕನಿಷ್ಠ ಮೂರು ವರ್ಷ. ಓದಿ ಕಣ್ಣು ತುಂಬಿ ಬರುವಷ್ಟರಲ್ಲಿ ಇನ್ನೊಂದು ಸಾಲೂ ಸಿಕ್ಕಿತು. ಇದು ಕಡ್ಡಾಯ ಅಲ್ಲ, ಎಲ್ಲ ವಕೀಲರ ಆದಾಯವೂ ಒಂದೇ ತೆರನಾಗಿ ಇರುವುದಿಲ್ಲ ನೋಡಿ. ಎಂಥ ವಿವೇಕ! ಈ ವಿವೇಕ ಜೂನಿಯರ್‌ಗಳ ಮನೆ ಮಾಲೀಕರಿಗೂ ಬಂದಿದ್ದರೆ ಬಾಡಿಗೆಯೂ ಕಡ್ಡಾಯ ಆಗುತ್ತಿರಲಿಲ್ಲ.

ಐಚ್ಛಿಕದ ಆಟ ಎರಡೂ ಕಡೆ ನಡೆಯುತ್ತದೆ. ಕೊಡುವಾಗ ಐಚ್ಛಿಕ ಎಂದರೆ ಕೊಡಬೇಕಾಗಿಲ್ಲ. ತೆಗೆದುಕೊಳ್ಳುವಾಗ ಐಚ್ಛಿಕ ಎಂದರೆ ಕಟ್ಟಲೇಬೇಕು. ವಕೀಲರಾಗಿ ನೋಂದಣಿಗೆ 750 ರೂಪಾಯಿಗಿಂತ, ಪರಿಶಿಷ್ಟ ಜಾತಿ, ಪಂಗಡದವರಿಂದ 125ಕ್ಕಿಂತ ಹೆಚ್ಚು ವಸೂಲಿ ಮಾಡಬಾರದು ಎಂದು 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 1961ರ ವಕೀಲರ ಕಾಯ್ದೆಯಲ್ಲಿ ಬರೆದಿರುವುದೂ ಅಷ್ಟೇ. ಅಲ್ಲಿಯವರೆಗೆ ರಾಜ್ಯಗಳ ವಕೀಲರ ಪರಿಷತ್ತುಗಳು ಸಾವಿರಗಟ್ಟಲೆ ಕೀಳುತ್ತಿದ್ದವು, ಒಡಿಶಾದಲ್ಲಿ ನಲವತ್ತು ಸಾವಿರವನ್ನೂ ದಾಟಿತ್ತು. ಕಾನೂನು ಕಾಯುವ ಸಂಸ್ಥೆಗಳೇ ಕಾನೂನನ್ನು ಓದಿರಲಿಲ್ಲ ಅಂತ ಕಾಣುತ್ತದೆ. ನಮ್ಮ ಕರ್ನಾಟಕದ ಪರಿಷತ್ತಿನ ಮೇಲಂತೂ ನ್ಯಾಯಾಂಗ ನಿಂದನೆ ಅರ್ಜಿಯೇ ಹೋಯಿತು. ಗುರುತಿನ ಚೀಟಿಗೆ, ಕಲ್ಯಾಣ ನಿಧಿಗೆ, ತರಬೇತಿಗೆ ಅಂತ ತೆಗೆದುಕೊಂಡದ್ದೆಲ್ಲ ‘ಐಚ್ಛಿಕ’ ಎಂಬ ವಾದ ಬಂತು. ಐಚ್ಛಿಕ ಎಂಬುದೇ ಇಲ್ಲ, ನಿಲ್ಲಿಸಿ ಎಂದು 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಇದಲ್ಲದೆ ಅಖಿಲ ಭಾರತ ವಕೀಲರ ಪರೀಕ್ಷೆಗೆ ಸಾಮಾನ್ಯ ವರ್ಗದವರು 3,500 ಕಟ್ಟಬೇಕು. ಐದು ವರ್ಷ ಇದೇ ಪರಿಷತ್ತು ಒಪ್ಪಿದ ಕಾಲೇಜಿನಲ್ಲಿ ಓದಿ ಬಂದವರಿಗೆ ಓದು ಬಂದಿದೆಯೋ ಇಲ್ಲವೋ ಎಂದು ಅದೇ ಪರಿಷತ್ತು ಮತ್ತೆ ದುಡ್ಡು ತೆಗೆದುಕೊಂಡು ನೋಡುತ್ತದೆ.

ಸರಿ, ಸೀನಿಯರ್ ದುಡ್ಡು ಕೊಡುವುದಿಲ್ಲ, ಸಂಜೆ ಹೊತ್ತು ಬೇರೆ ಏನಾದರೂ ಮಾಡಿ ಬದುಕೋಣ ಎಂದರೆ ನಿಯಮ ಅಡ್ಡ ಬರುತ್ತದೆ. ವಕೀಲರು ಸ್ವತಃ ವ್ಯಾಪಾರ ಮಾಡುವಂತಿಲ್ಲ, ಪೂರ್ಣಾವಧಿ ನೌಕರಿ ಮಾಡುವಂತಿಲ್ಲ, ಜಾಹೀರಾತು ಕೊಡುವಂತಿಲ್ಲ. ಹಾಗಾದರೆ ಏನು ಮಾಡಬಹುದು? ಪರಿಷತ್ತಿನ 51ನೇ ನಿಯಮ ಉದಾರವಾಗಿ ಪಟ್ಟಿ ಕೊಡುತ್ತದೆ. ಅದರಲ್ಲಿ ಮೊದಲನೆಯದು ನನಗೆ ಬಹಳ ಇಷ್ಟ: ಸಂಸತ್ತಿನ ಮಸೂದೆಗಳನ್ನು ಪರಿಶೀಲಿಸಿ ಸಂಭಾವನೆ ಪಡೆಯಬಹುದು! ಮಾಗಡಿ ರೋಡಿನ ಪಿಜಿಯಲ್ಲಿರುವ ಜೂನಿಯರ್, ರಾತ್ರಿ ಊಟಕ್ಕೆ ಕಾಸಿಲ್ಲದಿದ್ದರೆ, ದೆಹಲಿಗೊಂದು ಫೋನ್ ಮಾಡಿ ‘ಮಸೂದೆ ಏನಾದ್ರೂ ಇದ್ಯಾ ಸಾರ್’ ಎಂದು ಕೇಳಬಹುದು. ಪರಿಷತ್ತಿನ ಅಧ್ಯಕ್ಷ ಮನನ್ ಕುಮಾರ್ ಮಿಶ್ರಾ ಅವರು 2024ರಿಂದ ರಾಜ್ಯಸಭೆಯಲ್ಲೇ ಇದ್ದಾರಲ್ಲ, ಒಂದೆರಡು ಮಸೂದೆ ಈ ಕಡೆ ತಳ್ಳಿದರೆ ಪುಣ್ಯ ಬರುತ್ತದೆ. ಅದೇ ನಿಯಮದಲ್ಲಿ ಪತ್ರಿಕೋದ್ಯಮವೂ ಇದೆ. ಆದರೆ 2024ರ ಡಿಸೆಂಬರ್‌ನಲ್ಲಿ ಪರಿಷತ್ತು ಸುಪ್ರೀಂ ಕೋರ್ಟಿನ ಮುಂದೆ, ವಕೀಲರು ಪಾರ್ಟ್ ಟೈಮ್ ಪತ್ರಕರ್ತರೂ ಆಗುವಂತಿಲ್ಲ ಎಂದಿತು. ನಾನು ಹೇಳಿದ ಎರಡರಲ್ಲಿ ಉಳಿದದ್ದು ಮಸೂದೆ ಒಂದೇ.

ಮೂರು ವರ್ಷದ ನಿಯಮಕ್ಕೆ ಒಂದು ಹಳೆಯ ಕಥೆಯಿದೆ. 1993ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬೇಕೆಂದಿತು. ಆಮೇಲೆ ನಮ್ಮವರೇ ಆದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ ಅವರ ಆಯೋಗ, ಮೂರು ವರ್ಷ ಕಾಯಿಸಿದರೆ ಬುದ್ಧಿವಂತರು ಈ ಕಡೆ ಬರುವುದೇ ಇಲ್ಲ ಎಂದಿತು. 2002ರಲ್ಲಿ ನಿಯಮ ಹೋಯಿತು. ಈಗ, ಬಂದ ಬುದ್ಧಿವಂತರಿಗೆ ಕೋರ್ಟ್ ಹೇಗಿರುತ್ತದೆ ಎಂದೇ ಗೊತ್ತಿಲ್ಲ ಅಂತ ನಿಯಮ ವಾಪಸ್ ಬಂದಿದೆ. ಎರಡೂ ವಾದದಲ್ಲಿ ಹುರುಳಿದೆ ಎನ್ನಿ. ಇಪ್ಪತ್ಮೂರು ವಯಸ್ಸಿಗೆ ಪೀಠದಲ್ಲಿ ಕೂತು ಎಪ್ಪತ್ತು ವಯಸ್ಸಿನ ರೈತನ ಜಮೀನು ಕೇಸು ಕೇಳುವುದು ಸಣ್ಣ ಮಾತಲ್ಲ. ಆದರೆ ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ ಎಂಬ ಹಾಗೆ, ಸಂಬಳ ಬೇಕಾದರೆ ಅನುಭವ ತಾ, ಅನುಭವ ಬೇಕಾದರೆ ಸಂಬಳ ಬಿಡು ಎಂದು ಕೂತರೆ ಹುಡುಗರು ಏನು ತಿನ್ನಬೇಕು?

ನಗು ಬರುತ್ತಿಲ್ಲ, ನಿಜ ಹೇಳಬೇಕೆಂದರೆ. ಈ ಮೂರು ವರ್ಷ ಯಾರಿಗೆ ಕಷ್ಟವಲ್ಲ ಎಂದು ಎಲ್ಲರಿಗೂ ಗೊತ್ತು. ಅಪ್ಪನ ಆಫೀಸು ಇದ್ದವರಿಗೆ ಕಷ್ಟವಲ್ಲ. ಬೆಂಗಳೂರಿನಲ್ಲಿ ಸ್ವಂತ ಮನೆ ಇದ್ದವರಿಗೆ ಕಷ್ಟವಲ್ಲ. ಯಾದಗಿರಿಯಿಂದ, ಕೊಪ್ಪಳದಿಂದ, ಮನೆಯಲ್ಲಿ ಮೊದಲ ಡಿಗ್ರಿ ಹಿಡಿದು ಬಂದವಳು ಆರು ತಿಂಗಳು ಓಡಾಡಿ, ಬಸ್ ಚಾರ್ಜಿಗೂ ಅಪ್ಪನನ್ನೇ ಕೇಳಿ ಕೇಳಿ ಸಾಕಾಗಿ, ಯಾವುದೋ ಕಂಪನಿಯ ಕಾಲ್ ಸೆಂಟರ್ ಸೇರುತ್ತಾಳೆ. ದೇಶದಲ್ಲಿ ಐದು ಕೋಟಿ ಕೇಸು ಬಾಕಿ ಬಿದ್ದಿವೆ ಎಂದು ಪ್ರತಿ ಭಾಷಣದಲ್ಲೂ ಹೇಳುತ್ತಾರೆ. ಹಿಂದುಳಿದವರು, ಹೆಣ್ಣುಮಕ್ಕಳು ಪೀಠದ ಮೇಲೆ ಜಾಸ್ತಿ ಬರಬೇಕು ಎಂದೂ ಅದೇ ಭಾಷಣದಲ್ಲಿ ಹೇಳುತ್ತಾರೆ. ಭಾಷಣ ಮುಗಿದ ಮೇಲೆ ಫೈಲು ಹೊತ್ತುಕೊಂಡು ಹಿಂದೆ ಬಂದ ಜೂನಿಯರ್‌ಗೆ ಆಟೋ ದುಡ್ಡೂ ಕೊಡುವುದಿಲ್ಲ. ಕಾರ್ಮಿಕರ ಕನಿಷ್ಠ ವೇತನಕ್ಕಾಗಿ ಗಂಟೆಗಟ್ಟಲೆ ವಾದಿಸುವವರ ಚೇಂಬರಿನಲ್ಲೇ ಇದು ನಡೆಯುತ್ತದೆ. ನಾಚಿಕೆ ಆಗುವುದಿಲ್ಲವಾ?

ಕೊನೆಗೆ ಸರ್ಟಿಫಿಕೇಟಿನ ವಿಚಾರ. ತೀರ್ಪಿನ ಪ್ರಕಾರ ಮೂರು ವರ್ಷ ಮುಗಿದದ್ದಕ್ಕೆ ಆ ಕೋರ್ಟಿನ ಪ್ರಧಾನ ನ್ಯಾಯಾಧೀಶರೇ ಪ್ರಮಾಣಪತ್ರ ಕೊಡಬೇಕು, ಇಲ್ಲವೇ ಕನಿಷ್ಠ ಹತ್ತು ವರ್ಷ ಅನುಭವವಿರುವ ವಕೀಲರು ಕೊಟ್ಟು ಅದಕ್ಕೆ ನ್ಯಾಯಾಧೀಶರು ಮೇಲು ರುಜು ಹಾಕಬೇಕು. ಅಂದರೆ ಎರಡನೇ ದಾರಿ ಹಿಡಿದರೆ ದುಡ್ಡು ಕೊಡದ ಸೀನಿಯರ್ ಕೈಯಲ್ಲೇ ಸಹಿಯೂ ಇದೆ. ಮೂರು ವರ್ಷ ಬಾಯಿ ಮುಚ್ಚಿಕೊಂಡಿರಲು ಇದಕ್ಕಿಂತ ಒಳ್ಳೆಯ ಕಾರಣ ಬೇಕಾ? ನನ್ನದೊಂದು ಸಣ್ಣ ಸಲಹೆ. ಆ ಫಾರಂನಲ್ಲಿ ಹೆಸರು, ನೋಂದಣಿ ಸಂಖ್ಯೆ, ದಿನಾಂಕದ ಕೆಳಗೆ ಇನ್ನೊಂದು ಕಾಲಂ ಸೇರಿಸಿ: ಈ ಮೂರು ವರ್ಷದಲ್ಲಿ ತಿಂಗಳಿಗೆ ಕೊಟ್ಟದ್ದು ಎಷ್ಟು, ಬ್ಯಾಂಕ್ ಪಾಸ್‌ಬುಕ್ ಲಗತ್ತಿಸಿ. ಹಾಗೇನಾದರೂ ಆದರೆ ಮರುದಿನದಿಂದ ಹತ್ತು ವರ್ಷ ಪೂರೈಸಿದ ವಕೀಲರು ಇಡೀ ರಾಜ್ಯದಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ.