ಕೇಳುಗರನ್ನು ಬೈಯಬೇಡಿ
ಈಗಿನ ಹುಡುಗರಿಗೆ ತಾಳ್ಮೆ ಇಲ್ಲ, ಅದಕ್ಕೇ ಹಾಡುಗಳು ಚಿಕ್ಕದಾಗಿವೆ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಇದನ್ನು ನಾನು ಖಂಡಿತ ಒಪ್ಪುವುದಿಲ್ಲ. ಹಾಡು ಕೇಳುವ ಆ್ಯಪ್ ಸ್ಪಾಟಿಫೈನಲ್ಲಿ 30 ಸೆಕೆಂಡು ಕೇಳಿದರೆ ಒಂದು ಸ್ಟ್ರೀಮ್, ಅಂದರೆ ಒಂದು ಸಲ ಕೇಳಿದ ಲೆಕ್ಕ; ದುಡ್ಡು ಬರುವುದೂ ಈ ಲೆಕ್ಕದ ಮೇಲೆಯೇ. ಹಾಡು ಎರಡು ನಿಮಿಷದ್ದಾದರೂ ಎಂಟು ನಿಮಿಷದ್ದಾದರೂ ಲೆಕ್ಕ ಒಂದೇ. ಹೀಗಿರುವಾಗ ಉದ್ದದ ಗಿಟಾರ್ ಸೋಲೋಗೆ ಯಾವ ಕಂಪನಿ ದುಡ್ಡು ಹಾಕುತ್ತದೆ? ಮೊದಲು ಕತ್ತರಿ ಬೀಳುವುದೇ ಹಾಡಿನ ಆರಂಭದ ಸಂಗೀತಕ್ಕೆ, ಇಂಟ್ರೋಗೆ.

ರಾಕ್ ಬ್ಯಾಂಡ್ ಲೆಡ್ ಝೆಪ್ಪೆಲಿನ್‌ನ 1971ರ 'ಸ್ಟೇರ್‌ವೇ ಟು ಹೆವನ್' ತಗೊಳ್ಳಿ. ಡ್ರಮ್ಸ್ ಬರುವುದೇ ನಾಲ್ಕು ನಿಮಿಷ ದಾಟಿದ ಮೇಲೆ. ಡ್ರಮ್ಮರ್ ಬಾನಮ್‌ನ ಮೊದಲ ಪೆಟ್ಟಿಗೆ ಮೈ ಜುಮ್ಮೆನ್ನುವುದು ಅಷ್ಟು ಹೊತ್ತು ಕಾದದ್ದಕ್ಕೇ ಅಲ್ವಾ? ಈಗಿನ ಹುಡುಗರೂ ಅದನ್ನು ಕೂತು ಕೇಳುತ್ತಾರೆ, ಸುಮ್ನೆ ಅವರ ಮೇಲೆ ಹೊರೆಸಬೇಡಿ. 2024ರಿಂದ ವರ್ಷಕ್ಕೆ 1,000 ಸ್ಟ್ರೀಮ್ ಮುಟ್ಟದ ಹಾಡಿಗೆ ಸ್ಪಾಟಿಫೈನಲ್ಲಿ ರೆಕಾರ್ಡಿಂಗ್ ರಾಯಲ್ಟಿಯೇ, ಅಂದರೆ ಧ್ವನಿಮುದ್ರಣಕ್ಕೆ ಸಿಗುವ ದುಡ್ಡೇ ಇಲ್ಲ. ಹೊಸ ಬ್ಯಾಂಡ್‌ಗಳ ಹೊಟ್ಟೆ ಮೇಲೆ ಹೊಡೆಯುವ ಈ ನಿಯಮದ ಬಗ್ಗೆ ಲೇಖನದಲ್ಲಿ ಒಂದು ಸಾಲಾದರೂ ಬೇಕಿತ್ತು.